ಇಲೆಕ್ಟ್ರಿಕ್ ಸ್ಕೂಟರ್ ಹೋಲಿಸುವಾಗ ಬ್ಯಾಟರಿಯ ಯುನಿಟ್ ನೋಡಿರಿ

ಇಲೆಕ್ಟ್ರಿಕ್ ಸ್ಕೂಟರ್‌ಗಳನ್ನು ಹೋಲಿಸುವಾಗ ಜಾಹೀರಾತಿನ ಕಿಲೋಮೀಟರ್ ಲೆಕ್ಕವನ್ನು ಬದಿಗಿಟ್ಟು, ಬ್ಯಾಟರಿಯ ಕಿಲೋವ್ಯಾಟ್ ಅವರ್ ಸಂಖ್ಯೆಯನ್ನು 28ರಿಂದ ಗುಣಿಸಿರಿ. ದಿನನಿತ್ಯದ ಓಡಾಟದಲ್ಲಿ ಕೈಗೆ ಸಿಗುವ ದೂರ ಹೆಚ್ಚುಕಡಿಮೆ ಅಷ್ಟೇ. ಒಂದು ಕಿಲೋವ್ಯಾಟ್ ಅವರ್ ಎಂದರೆ ಹೆಸ್ಕಾಂ ಕರೆಂಟ್ ಬಿಲ್ಲಿನ ಒಂದು ಯುನಿಟ್, ಮತ್ತು ನಗರದಲ್ಲಿ ಓಡುವ ಸಾಧಾರಣ ಸ್ಕೂಟರ್ ಪ್ರತಿ ಕಿಲೋಮೀಟರಿಗೆ 35 ವ್ಯಾಟ್ ಅವರ್‌ನ ಆಸುಪಾಸು ಖರ್ಚು ಮಾಡುತ್ತದೆ; ಅಂದರೆ ಒಂದು ಯುನಿಟ್‌ಗೆ (1000 ವ್ಯಾಟ್ ಅವರ್‌ಗೆ) ಸುಮಾರು 28 ಕಿ.ಮೀ. ಜಾಹೀರಾತಿನಲ್ಲಿ ಕಾಣುವ ಪ್ರಮಾಣೀಕೃತ ದೂರವನ್ನಾದರೋ ನಿಗದಿತ ವೇಗದ ಕ್ರಮದಲ್ಲಿ ಪರೀಕ್ಷಾ ಯಂತ್ರದ ಉರುಳೆಗಳ ಮೇಲೆ ಅಳೆಯುವುದರಿಂದ, ನಮ್ಮ ಏರುರಸ್ತೆಯಾಗಲಿ, ಹಿಂದೆ ಕುಳಿತವರ ಭಾರವಾಗಲಿ ಅದರಲ್ಲಿ ಸೇರಿರುವುದಿಲ್ಲ. ಈ ಲೆಕ್ಕದಲ್ಲಿ 3 ಯುನಿಟ್ ಬ್ಯಾಟರಿಗೆ 84 ಕಿ.ಮೀ., 2 ಯುನಿಟ್ ಬ್ಯಾಟರಿಗೆ 56 ಕಿ.ಮೀ. ಬರುತ್ತದೆ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗಿಬರಲು ಸುಮಾರು 40 ಕಿ.ಮೀ. ಆಗುವುದರಿಂದ ಎರಡನೆಯದೂ ಸಾಕೆನಿಸಬಹುದು. ಆದರೆ ಬ್ಯಾಟರಿ ಹಳೆಯದಾದಂತೆ ಅದರ ಧಾರಣಶಕ್ತಿ ಕುಗ್ಗುತ್ತದೆ, ಆದ್ದರಿಂದ ಅವಳಿ ನಗರದ ನಡುವೆ ನಿತ್ಯ ಓಡಾಡುವವರು 2.5 ಯುನಿಟ್‌ಗಿಂತ ಕೆಳಗಿಳಿಯದಿರುವುದು ಮೇಲು. ಹುಬ್ಬಳ್ಳಿ ಊರೊಳಗೇ, ಕೇಶ್ವಾಪುರದಿಂದ ವಿದ್ಯಾನಗರದವರೆಗೆ ಹೋಗಿಬರುವವರಿಗೆ ಈ ಚಿಂತೆಯೇ ಬೇಡ. ಇಬ್ಬರು ಕುಳಿತು 60ರ ಮೇಲಿನ ವೇಗದಲ್ಲಿ ಸಾಗಿದರೆ ಈ ಲೆಕ್ಕ ತಪ್ಪುತ್ತದೆ. ಮಳೆಗಾಲದ ಪಡುವಣ ಗಾಳಿಗೆ ಎದುರಾಗಿ, ಎತ್ತರದಲ್ಲಿರುವ ಧಾರವಾಡದ ಕಡೆಗೆ ಹೋಗುವಾಗಲೂ ಚಾರ್ಜ್ ಬೇಗ ಇಳಿಯುತ್ತದೆ. ಅಂಥ ಓಡಾಟವೇ ಹೆಚ್ಚಿದ್ದರೆ 28ರ ಬದಲು 22ರಿಂದ ಗುಣಿಸಿರಿ. ಕೆಲವು ಮಾದರಿಗಳಲ್ಲಿ ಬ್ಯಾಟರಿಯ ಒಟ್ಟು ಸಾಮರ್ಥ್ಯವೇ ಬೇರೆ, ಬಳಕೆಗೆ ಸಿಗುವುದೇ ಬೇರೆ. ಅಂಗಡಿಯಲ್ಲಿ ಎರಡನೆಯದನ್ನೇ ಕೇಳಿ ಬರೆದುಕೊಳ್ಳಿರಿ.