ದೊಡ್ಡವರಿಗೆ ಪಾಠ ಮಾಡುವುದು ಹೇಗೆ? ಮೊದಲು ಹೆದರಿಕೆ ಬಿಡಿಸಿ

ಐವತ್ತು ದಾಟಿದವರೊಬ್ಬರು ಕಂಪ್ಯೂಟರ್ ತರಗತಿಗೆ ಸೇರಿದ್ದಾರೆ ಅಂದುಕೊಳ್ಳಿ. ಮನೆಯಲ್ಲಿ ಅವರದ್ದೇ ಕೊನೆಯ ಮಾತು. ಕೆಲಸದ ಜಾಗದಲ್ಲಿ ನಾಲ್ಕು ಜನ ಅವರನ್ನು ಕೇಳಿಯೇ ಮುಂದಿನ ಕೆಲಸ ಮಾಡುತ್ತಾರೆ. ಇಲ್ಲಿ ಮಾತ್ರ, ಮಗಳ ವಯಸ್ಸಿನ ಟೀಚರ್ ಎದುರು, ಮೌಸ್ ಒಂದು ಕಡೆ ಎಳೆದರೆ ಬಾಣದ ಗುರುತು ಇನ್ನೆಲ್ಲಿಗೋ ಓಡುತ್ತದೆ. ಪಕ್ಕದವರು ನೋಡಿಬಿಟ್ಟರಾ ಅಂತ ಓರೆಗಣ್ಣಲ್ಲಿ ಒಮ್ಮೆ ನೋಡುತ್ತಾರೆ. ಪಾಠ ಕಷ್ಟ ಅನ್ನುವ ಚಿಂತೆಗಿಂತ ನಗೆಪಾಟಲಾಗುತ್ತೇನೆ ಅನ್ನುವ ಅಳುಕೇ ಜಾಸ್ತಿ.

ಮಕ್ಕಳು ಇಷ್ಟವಿರಲಿ ಬಿಡಲಿ, ಶಾಲೆಗೆ ಹೋಗಲೇಬೇಕು. ದೊಡ್ಡವರಿಗೆ ಆ ಕಟ್ಟುಪಾಡಿಲ್ಲ. ಒಂದು ದಿನ ಮುಜುಗರವಾದರೆ ಮಾರನೇ ದಿನ ಬರುವುದಿಲ್ಲ. ಯಾಕೆ ಬರಲಿಲ್ಲ ಅಂತ ಹೇಳುವುದೂ ಇಲ್ಲ. ಓದು ಬರಹವೋ, ಹೊಸ ಭಾಷೆಯೋ, ಹೊಲಿಗೆಯೋ, ಕಚೇರಿಯ ತರಬೇತಿಯೋ, ನೀವು ಏನು ಕಲಿಸುತ್ತಿದ್ದರೂ ಮೊದಲು ಮಾಡಬೇಕಾದ ಕೆಲಸ ಒಂದೇ. ತಪ್ಪಿದರೂ ಮರ್ಯಾದೆ ಹೋಗದಂಥ ಒಂದು ಜಾಗ ಮಾಡಿಕೊಡಬೇಕು. ಅದನ್ನು ಮಾಡುವ ಬಗೆ ಇಲ್ಲಿದೆ.

ಕೋಣೆ ಸಿದ್ಧ ಮಾಡಿ

ಇದಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ, ಆದರೆ ಬಿಡುವ ಹಾಗೂ ಇಲ್ಲ. ಮಕ್ಕಳ ಪುಟ್ಟ ಬೆಂಚುಗಳಿದ್ದರೆ ಬದಲಾಯಿಸಿ. ಮಂಡಿ ಮಡಚಿ ಕೂತು ಒಂದು ಗಂಟೆ ಪಾಠ ಕೇಳುವುದು ಶಿಕ್ಷೆಯೇ. ಸಾಲಾಗಿ ಹಾಕಿದ ಕುರ್ಚಿಗಳನ್ನು ಅರ್ಧ ವೃತ್ತದಲ್ಲಿ ಇಟ್ಟರೆ ಯಾರೂ ಯಾರ ಬೆನ್ನು ನೋಡುತ್ತಾ ಕೂರಬೇಕಿಲ್ಲ. ಬಾಗಿಲ ಹತ್ತಿರದ ಒಂದೆರಡು ಕುರ್ಚಿಗಳನ್ನು ಖಾಲಿ ಬಿಡಿ. ತಡವಾಗಿ ಬಂದವರು ಎಲ್ಲರ ಮುಂದೆ ಹಾದುಹೋಗುವ ಸಂಕಟ ತಪ್ಪುತ್ತದೆ.

ನಲವತ್ತರ ಆಸುಪಾಸಿನಿಂದ ಹತ್ತಿರದ ಅಕ್ಷರ ಮಸುಕಾಗತೊಡಗುವುದು ಸಹಜ. ಆದ್ದರಿಂದ ಹಾಳೆಯಲ್ಲಿ ಅಕ್ಷರ ದಪ್ಪಗಿರಲಿ, ಕೋಣೆಯಲ್ಲಿ ಬೆಳಕು ಚೆನ್ನಾಗಿರಲಿ. ಬೋರ್ಡಿನ ಕಡೆ ತಿರುಗಿಕೊಂಡು ಮಾತಾಡಬೇಡಿ. ಕಿವಿ ಮಂದವಾದವರು ನಿಮ್ಮ ತುಟಿ ನೋಡಿಯೂ ಅರ್ಥ ಮಾಡಿಕೊಳ್ಳುತ್ತಿರುತ್ತಾರೆ.

ಮೊದಲ ಹತ್ತು ನಿಮಿಷ

ನನ್ನ ಪ್ರಕಾರ ಅರ್ಧ ಆಟ ಇಲ್ಲೇ ಮುಗಿಯುತ್ತದೆ. ‘ನಿಮ್ಮ ಹೆಸರು, ಎಷ್ಟು ಓದಿದ್ದೀರಿ ಹೇಳಿ’ ಅಂತ ಶುರು ಮಾಡುವವರೇ ಹೆಚ್ಚು. ಎರಡನೇ ಪ್ರಶ್ನೆ ಕೇಳಲೇಬೇಡಿ. ಅರ್ಧಕ್ಕೆ ಶಾಲೆ ಬಿಟ್ಟವರಿಗೆ ಅದು ಗಾಯದ ಮೇಲೆ ಉಪ್ಪು ಸವರಿದ ಹಾಗೆ. ಅದರ ಬದಲು ‘ಬೇರೆಯವರಿಗೆ ಹೇಳಿಕೊಡುವಷ್ಟು ಚೆನ್ನಾಗಿ ನಿಮಗೆ ಗೊತ್ತಿರುವ ಕೆಲಸ ಯಾವುದು?’ ಅಂತ ಕೇಳಿ ನೋಡಿ. ಒಬ್ಬರು ಲಾರಿ ರಿಪೇರಿ ಅನ್ನುತ್ತಾರೆ, ಇನ್ನೊಬ್ಬರು ಹಸುಗೂಸಿಗೆ ಸ್ನಾನ ಮಾಡಿಸುವುದು ಅನ್ನುತ್ತಾರೆ. ಮುದುರಿ ಕೂತವರೂ ಸ್ವಲ್ಪ ನೆಟ್ಟಗಾಗುತ್ತಾರೆ. ನಿಮಗೂ ಮುಂದಿನ ಪಾಠಗಳಿಗೆ ಬೇಕಾದ ಉದಾಹರಣೆಗಳು ಪುಕ್ಕಟೆ ಸಿಗುತ್ತವೆ.

ಹೇಗೆ ಕರೆಯಬೇಕು ಅನ್ನುವುದನ್ನೂ ಅವತ್ತೇ ಕೇಳಿಬಿಡಿ. ವಯಸ್ಸಿನಲ್ಲಿ ನಿಮಗಿಂತ ಚಿಕ್ಕವರಾದರೂ ಏಕವಚನ ಬೇಡ. ಕೆಲವರಿಗೆ ‘ಅಕ್ಕ’, ‘ಅಣ್ಣ’ ಅಂದರೆ ಹಿತ, ಕೆಲವರಿಗೆ ಹೆಸರಿನ ಜೊತೆ ‘ಅವರೇ’ ಅಂದರೆ ಸಾಕು. ‘ಅಜ್ಜಿ’ ಅಂತ ಮಾತ್ರ ನೀವಾಗಿಯೇ ಶುರು ಹಚ್ಚಿಕೊಳ್ಳಬೇಡಿ. ಅರವತ್ತು ದಾಟಿದವರೆಲ್ಲ ಅಜ್ಜಿ ಅನ್ನಿಸಿಕೊಳ್ಳೋಕೆ ಬಂದಿರುವುದಿಲ್ಲ.

ಮೊದಲ ದಿನ ಯಾರನ್ನೂ ನಿಲ್ಲಿಸಿ ಜೋರಾಗಿ ಓದಿಸಬೇಡಿ. ‘ಕನ್ನಡಕ ಮರೆತು ಬಂದೆ ಮೇಡಂ’ ಅನ್ನುವ ಮಾತನ್ನು ವಯಸ್ಕರ ಶಿಕ್ಷಣದಲ್ಲಿ ಇರುವವರೆಲ್ಲ ಕೇಳಿರುತ್ತಾರೆ. ಕೆಲವೊಮ್ಮೆ ನಿಜವಾಗಿಯೂ ಮರೆತಿರುತ್ತಾರೆ. ಹಲವು ಸಲ ಓದಲು ಬರುವುದಿಲ್ಲ ಅನ್ನುವುದನ್ನು ಮುಚ್ಚಿಟ್ಟುಕೊಳ್ಳಲು ಅದೊಂದೇ ದಾರಿ ಇರುತ್ತದೆ. ಕೆದಕಲು ಹೋಗಬೇಡಿ. ‘ಪರವಾಗಿಲ್ಲ, ನಾನೇ ಓದ್ತೀನಿ’ ಅಂತ ಮುಂದುವರಿಸಿ. ತರಗತಿ ಮುಗಿದ ಮೇಲೆ, ಬೇರೆ ಯಾರೂ ಇಲ್ಲದಾಗ, ‘ನಿಮಗೆ ಯಾವ ರೀತಿ ಹೇಳಿಕೊಟ್ಟರೆ ಅನುಕೂಲ?’ ಅಂತ ಕೇಳಿದರೆ ಅವರೇ ಬಾಯಿ ಬಿಡುತ್ತಾರೆ.

ಯಾಕೆ ಬಂದಿದ್ದಾರೆ, ತಿಳಿದುಕೊಳ್ಳಿ

ಅಮೆರಿಕದ ಮಾಲ್ಕಮ್ ನೋಲ್ಸ್ (1913–1997) ದೊಡ್ಡವರು ಕಲಿಯುವ ಬಗೆಯ ಮೇಲೆ ದಶಕಗಳ ಕಾಲ ಕೆಲಸ ಮಾಡಿದವರು. ದೊಡ್ಡವರಿಗೆ ಇದನ್ನು ಯಾಕೆ ಕಲಿಯಬೇಕು ಅಂತ ಮೊದಲು ಗೊತ್ತಾಗಬೇಕು, ತಮ್ಮ ಅನುಭವಕ್ಕೆ ಬೆಲೆ ಸಿಗಬೇಕು, ಕಲಿತದ್ದು ಬೇಗ ಕೈಗೆ ಹತ್ತಬೇಕು ಅನ್ನುವುದು ಅವರ ಮುಖ್ಯ ಮಾತುಗಳು. ಮೇಲ್ನೋಟಕ್ಕೆ ಸರಳ. ಆದರೆ ಪಾಠದ ಪಟ್ಟಿ ಹಿಡಿದು ಒಂದನೇ ಅಧ್ಯಾಯದಿಂದ ಶುರು ಮಾಡುವಾಗ ನಾವು ಮರೆಯುವುದೂ ಇದನ್ನೇ.

ಒಬ್ಬರಿಗೆ ದೂರದಲ್ಲಿರುವ ಮೊಮ್ಮಗುವಿಗೆ ವಿಡಿಯೊ ಕಾಲ್ ಮಾಡಬೇಕು. ಇನ್ನೊಬ್ಬರಿಗೆ ಬ್ಯಾಂಕಿನ ಫಾರಂ ತುಂಬಬೇಕು. ಮತ್ತೊಬ್ಬರಿಗೆ ಬಡ್ತಿ ಬೇಕು. ಪ್ರತಿಯೊಬ್ಬರಿಂದಲೂ ಒಂದು ಸಾಲು ಕೇಳಿ ಬರೆದಿಟ್ಟುಕೊಳ್ಳಿ. ಆಮೇಲೆ ಪಾಠದ ಕ್ರಮವನ್ನು ಒಂಚೂರು ಆಚೀಚೆ ಮಾಡಿ, ಪ್ರತಿಯೊಬ್ಬರ ಬೇಡಿಕೆಯ ಒಂದು ತುಣುಕಾದರೂ ಮೊದಲ ಕೆಲವು ತರಗತಿಗಳಲ್ಲೇ ಸಿಗುವ ಹಾಗೆ ನೋಡಿಕೊಳ್ಳಿ. ಬ್ರೆಜಿಲ್‌ನ ಪಾವ್ಲೊ ಫ್ರೇರೆ 1963ರಲ್ಲಿ ಆಂಜಿಕೊಸ್ ಅನ್ನುವ ಊರಿನಲ್ಲಿ ಸುಮಾರು 300 ದುಡಿಯುವ ಜನರಿಗೆ ಸುಮಾರು 40 ಗಂಟೆಗಳಲ್ಲಿ ಓದು ಬರಹ ಕಲಿಸುವ ಪ್ರಯೋಗ ನಡೆಸಿದಾಗ ಹಿಡಿದ ದಾರಿಯೂ ಇಂಥದ್ದೇ. ಅಕ್ಷರಮಾಲೆಯಿಂದ ಶುರು ಮಾಡದೆ, ಆ ಜನ ದಿನಬಳಕೆಯಲ್ಲಿ ಆಡುವ ಮಾತುಗಳನ್ನೇ ಎತ್ತಿಕೊಂಡು, ಅವುಗಳ ಬಗ್ಗೆ ಮಾತಾಡಿಸಿ, ಆಮೇಲೆ ಅವನ್ನು ಬಿಡಿಸಿ ಬರೆಯಲು ಕಲಿಸಿದರು.

ತರಗತಿಯ ನಿಯಮಗಳನ್ನೂ ಅವರ ಜೊತೆ ಕೂತೇ ಮಾಡಿ. ಫೋನ್ ಬಂದರೆ ಹೊರಗೆ ಹೋಗಿ ಮಾತಾಡುವುದು, ಯಾರ ತಪ್ಪಿಗೂ ನಗದಿರುವುದು, ಇಲ್ಲಿ ಹೇಳಿಕೊಂಡ ಮನೆಯ ವಿಷಯ ಹೊರಗೆ ಹೋಗದಿರುವುದು. ಮೂರ್ನಾಲ್ಕು ಸಾಕು. ತಾವೇ ಒಪ್ಪಿದ ನಿಯಮವನ್ನು ದೊಡ್ಡವರು ಮುರಿಯುವುದು ಕಡಿಮೆ.

ಪ್ರಶ್ನೆ ಕೇಳಿದ ಮೇಲೆ ಸುಮ್ನೆ ಇರಿ

ಇದು ಹೇಳಲು ಸುಲಭ, ಮಾಡಲು ಬಲು ಕಷ್ಟ. ಮೇರಿ ಬಡ್ ರೋ ಅನ್ನುವ ಸಂಶೋಧಕಿ ಶಾಲೆಯ ವಿಜ್ಞಾನ ಪಾಠಗಳನ್ನು ಗಮನಿಸಿ 1970ರ ದಶಕದಲ್ಲಿ ಒಂದು ವಿಷಯ ತೋರಿಸಿಕೊಟ್ಟರು. ಪ್ರಶ್ನೆ ಕೇಳಿದ ಟೀಚರುಗಳು ಸಾಮಾನ್ಯವಾಗಿ ಕಾಯುತ್ತಿದ್ದುದು ಒಂದು ಸೆಕೆಂಡಿನಷ್ಟು ಮಾತ್ರ. ಅದನ್ನು 3 ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಬಾಯಿ ಬಿಡದವರೂ ಮಾತಾಡಿದರು. ಅವು ಮಕ್ಕಳ ತರಗತಿಗಳು. ‘ತಪ್ಪಾದರೆ?’ ಅಂತ ಅಳೆದು ಸುರಿದು ಬಾಯಿ ತೆರೆಯುವ ದೊಡ್ಡವರಿಗೆ ಇನ್ನೂ ಹೆಚ್ಚು ಹೊತ್ತು ಕೊಟ್ಟರೆ ನಷ್ಟವೇನಿಲ್ಲ. ಮನಸ್ಸಿನಲ್ಲೇ ಐದರವರೆಗೆ ಎಣಿಸಿ.

ಆಗಲೂ ಮೌನವೇ ಇದ್ದರೆ ಹೀಗೆ ಮಾಡಿ: ಒಂದು ನಿಮಿಷ ಒಬ್ಬೊಬ್ಬರೇ ಯೋಚಿಸಲಿ, ಎರಡು ನಿಮಿಷ ಪಕ್ಕದವರ ಜೊತೆ ಮಾತಾಡಿಕೊಳ್ಳಲಿ, ಆಮೇಲೆ ಎಲ್ಲರ ಮುಂದೆ ಹೇಳಲಿ. ‘ನಾವಿಬ್ಬರೂ ಹೀಗೆ ಅಂದುಕೊಂಡೆವು’ ಅನ್ನುವುದಕ್ಕೆ ‘ನನಗೆ ಹೀಗೆ ಅನ್ನಿಸುತ್ತದೆ’ ಅನ್ನುವಷ್ಟು ಧೈರ್ಯ ಬೇಕಾಗುವುದಿಲ್ಲ. ಎಲ್ಲದಕ್ಕೂ ತಾನೇ ಉತ್ತರ ಕೊಡುವ ಒಬ್ಬರು ಪ್ರತಿ ತರಗತಿಯಲ್ಲೂ ಇರುತ್ತಾರಲ್ವಾ, ಅವರಿಗೂ ಈ ಕ್ರಮ ಒಂದು ಬ್ರೇಕು.

ತಪ್ಪನ್ನು ತಿದ್ದುವ ಬಗೆ

ಇಲ್ಲಿ ಸ್ವಲ್ಪ ನಿಧಾನಿಸೋಣ. ಉಳಿದದ್ದೆಲ್ಲ ಚೆನ್ನಾಗಿದ್ದು ಇದೊಂದು ಕೆಟ್ಟರೂ ತರಗತಿ ಕೆಡುತ್ತದೆ.

ಶೇಕಡಾ ಲೆಕ್ಕದ ಪಾಠ ನಡೆಯುತ್ತಿದೆ. 240ರಲ್ಲಿ ಶೇಕಡಾ 15 ಎಷ್ಟು? ಅಂಗಡಿ ನಡೆಸುವವರೊಬ್ಬರು ಹಾಳೆಯಲ್ಲಿ 360 ಅಂತ ಬರೆದಿದ್ದಾರೆ. ‘ತಪ್ಪು. ಬೇರೆ ಯಾರು ಹೇಳ್ತೀರಿ?’ ಅಂದರೆ ಅವರು ಅವತ್ತಿಡೀ ತಲೆ ಎತ್ತುವುದಿಲ್ಲ. ಅವರ ಪಕ್ಕದ ಕುರ್ಚಿಯಲ್ಲಿ ಕೂತು, ಮೆತ್ತಗೆ, ‘ಇದೇ ಲೆಕ್ಕ ಅಂಗಡಿಯಲ್ಲಿ ಬಂದರೆ ಹೇಗೆ ಹಾಕ್ತೀರಿ?’ ಅಂತ ಕೇಳಿ.

‘ಅಲ್ಲಿ ಬರೆಯೋದೆಲ್ಲಿ ಬಂತು? ನೂರಕ್ಕೆ ಹತ್ತರ ಹಾಗೆ 24. ಅದರ ಅರ್ಧ 12. ಒಟ್ಟು 36.’

ಹೇಳಿದ ಮರುಗಳಿಗೆಯೇ ಅವರ ಕಣ್ಣು ಹಾಳೆಯ ಮೇಲೆ ಹೋಗುತ್ತದೆ. ‘ಓ, 240ನ್ನು 15ರಿಂದ ಗುಣಿಸಿದಾಗ 3600 ಬಂತು. ಅದರಲ್ಲಿ ಎರಡು ಸೊನ್ನೆ ತೆಗೀಬೇಕಿತ್ತು, ಒಂದೇ ತೆಗೆದಿದ್ದೀನಿ.’ ತಪ್ಪು ಹಿಡಿದವರು ಅವರೇ, ತಿದ್ದಿದವರೂ ಅವರೇ. ಅವರು ಒಪ್ಪಿದರೆ ಆ ಬಾಯಿಲೆಕ್ಕವನ್ನು ಬೋರ್ಡಿನ ಮೇಲೆ ಬರೆಯಿಸಿ, ಎಲ್ಲರಿಗೂ ಉಪಯೋಗವಾಗುತ್ತದೆ. ಬ್ರೆಜಿಲ್‌ನ ರೆಸಿಫೆ ನಗರದಲ್ಲಿ ಬೀದಿ ವ್ಯಾಪಾರ ಮಾಡುವ ಮಕ್ಕಳ ಬಗ್ಗೆ 1985ರಲ್ಲಿ ಬಂದ ಒಂದು ಅಧ್ಯಯನ ಇದಕ್ಕೆ ಹತ್ತಿರದ್ದು. ವ್ಯಾಪಾರದ ನಡುವೆ ಕೇಳಿದ ಲೆಕ್ಕಗಳಲ್ಲಿ ಶೇಕಡಾ 98ರಷ್ಟನ್ನು ಸರಿಯಾಗಿ ಹೇಳಿದ ಆ ಮಕ್ಕಳು, ಬರೀ ಅಂಕಿಗಳಾಗಿ ಕೊಟ್ಟಾಗ ಶೇಕಡಾ 37ರಷ್ಟನ್ನು ಮಾತ್ರ ಸರಿ ಮಾಡಿದ್ದರು. ಲೆಕ್ಕ ತಲೆಯಲ್ಲಿದೆ, ಹಾಳೆಗೆ ಇಳಿಯುತ್ತಿಲ್ಲ. ಕಲಿಸುವವರ ಕೆಲಸ ಇರುವುದು ಅಲ್ಲಿ.

ಇನ್ನು ಕೆಲವು ಸಣ್ಣ ಸಂಗತಿಗಳು. ಕಲಿಯುವವರ ಕೈಯಿಂದ ಮೌಸ್, ಕತ್ತರಿ, ಪೆನ್ನು ಕಿತ್ತುಕೊಂಡು ‘ಹೀಗೆ ಮಾಡಿ’ ಅಂತ ತೋರಿಸಬೇಡಿ. ಅವಸರದಲ್ಲಿ ಎಲ್ಲರೂ ಮಾಡುವುದು ಇದನ್ನೇ. ನಿಮ್ಮ ಕೈ ಬೆನ್ನ ಹಿಂದೆ ಇರಲಿ, ಬಾಯಲ್ಲಿ ಹೇಳಿ. ಒಂದೇ ಸಲ ಐದು ತಪ್ಪು ತೋರಿಸದೆ, ಮುಖ್ಯವಾದ ಒಂದನ್ನು ಹಿಡಿಯಿರಿ. ಭಾಷೆಯ ತರಗತಿಯಲ್ಲಿ ಮಾತಿನ ನಡುವೆ ತಡೆಯಬೇಡಿ. ಅವರು ಹೇಳಿ ಮುಗಿಸಿದ ಮೇಲೆ ಅದನ್ನೇ ನೀವು ಸರಿಯಾಗಿ ಇನ್ನೊಮ್ಮೆ ಹೇಳಿ, ಅವರ ಕಿವಿಗೆ ಬಿದ್ದರಾಯಿತು. ಅಂಕಗಳನ್ನು ಎಲ್ಲರ ಮುಂದೆ ಓದುವುದಂತೂ ಬೇಡವೇ ಬೇಡ.

ಹೊಗಳುವಾಗಲೂ ಹುಷಾರು. ‘ಜಾಣೆ! ಎಲ್ಲರೂ ಚಪ್ಪಾಳೆ ತಟ್ಟಿ’ ಅಂದರೆ ಮೊಮ್ಮಗುವನ್ನು ಮುದ್ದು ಮಾಡಿದ ಹಾಗಾಗುತ್ತದೆ. ‘ಹೋದ ವಾರ ಫೈಲ್ ಸೇವ್ ಮಾಡಲು ನನ್ನನ್ನು ಕರೀತಿದ್ರಿ, ಇವತ್ತು ಕರೀಲೇ ಇಲ್ಲ’ ಅನ್ನಿ. ನೀವು ಗಮನಿಸಿದ್ದೀರಿ ಅನ್ನುವುದು ಅವರಿಗೆ ತಲುಪುತ್ತದೆ.

ನೆನಪು ಉಳಿಯಲು

‘ವಯಸ್ಸಾಯ್ತು, ತಲೆಗೆ ಹತ್ತಲ್ಲ’ ಅನ್ನುವ ಮಾತು ದಿನಕ್ಕೊಮ್ಮೆಯಾದರೂ ಬರುತ್ತದೆ. ವಾದ ಮಾಡಬೇಡಿ, ವಿಧಾನ ಬದಲಿಸಿ. ತರಗತಿ ಶುರುವಾದಾಗ ಪುಸ್ತಕ ಮುಚ್ಚಿಸಿ, ಹಿಂದಿನ ಪಾಠದಿಂದ ನೆನಪಿರುವುದನ್ನು ಎರಡು ನಿಮಿಷ ಬರೆಯಲು ಹೇಳಿ. ಬರೆಯಲು ಬಾರದವರು ಪಕ್ಕದವರಿಗೆ ಹೇಳಲಿ. ಮತ್ತೆ ಮತ್ತೆ ಓದುವುದಕ್ಕಿಂತ ನೋಡದೆ ನೆನಪಿಸಿಕೊಂಡರೆ ಪಾಠ ಹೆಚ್ಚು ದಿನ ಉಳಿಯುತ್ತದೆ ಎಂದು ರೋಡಿಗರ್ ಮತ್ತು ಕಾರ್ಪಿಕಿ ಅನ್ನುವ ಮನಶ್ಶಾಸ್ತ್ರಜ್ಞರು 2006ರಲ್ಲಿ ಪ್ರಯೋಗ ಮಾಡಿ ತೋರಿಸಿದ್ದಾರೆ. ಆ ಚೀಟಿಗಳನ್ನು ನೀವು ತೆಗೆದುಕೊಳ್ಳಬೇಡಿ. ತೆಗೆದುಕೊಂಡರೆ ಅದು ಪರೀಕ್ಷೆಯಾಗಿಬಿಡುತ್ತದೆ.

ನಿಮಗೆ ಉತ್ತರ ಗೊತ್ತಿಲ್ಲದ ಪ್ರಶ್ನೆ ಬಂದರೆ ‘ಗೊತ್ತಿಲ್ಲ, ನೋಡಿಕೊಂಡು ಬಂದು ಹೇಳ್ತೀನಿ’ ಅನ್ನಿ. ಮುಂದಿನ ತರಗತಿಯಲ್ಲಿ ಮರೆಯದೆ ಹೇಳಿ. ಟೀಚರ್ ಬಾಯಲ್ಲೇ ‘ಗೊತ್ತಿಲ್ಲ’ ಕೇಳಿದ ಮೇಲೆ ಉಳಿದವರಿಗೂ ಆ ಮಾತು ಹಗುರವಾಗುತ್ತದೆ.

ಬರುವುದು ನಿಲ್ಲಿಸಿದವರು

ಮಗುವಿಗೆ ಜ್ವರ, ಪಾಳಿ ಬದಲು, ಮನೆಯಲ್ಲಿ ಬೈಗುಳ. ದೊಡ್ಡವರು ತಪ್ಪಿಸಿಕೊಳ್ಳಲು ನೂರು ಕಾರಣಗಳಿರುತ್ತವೆ. ಎರಡು ತರಗತಿ ತಪ್ಪಿದರೆ ‘ಇನ್ನು ಹೋದರೆ ಏನೂ ಅರ್ಥವಾಗಲ್ಲ’ ಅಂತ ಮೂರನೆಯದನ್ನು ತಾವೇ ಬಿಡುತ್ತಾರೆ. ಹಾಗಾಗಿ ಮೊದಲನೆಯದು ತಪ್ಪಿದಾಗಲೇ ಒಂದು ಸಣ್ಣ ಮೆಸೇಜ್ ಕಳಿಸಿ, ಓದಲು ಬಾರದವರಿಗೆ ಫೋನ್ ಮಾಡಿ. ‘ಯಾಕೆ ಬರಲಿಲ್ಲ?’ ಅನ್ನುವ ವಿಚಾರಣೆ ಬೇಡ. ‘ನಿನ್ನೆ ಇಷ್ಟು ಮಾಡಿದೆವು, ನಿಮ್ಮ ಹಾಳೆ ಎತ್ತಿಟ್ಟಿದ್ದೀನಿ’ ಅಂದರೆ ಸಾಕು. ಪ್ರತಿ ಪಾಠದ ತಿರುಳನ್ನು ಒಂದೇ ಪುಟದಲ್ಲಿ ಬರೆದಿಟ್ಟುಕೊಳ್ಳುವ ಅಭ್ಯಾಸ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಮರಳಿ ಬಂದ ದಿನ ಎಲ್ಲರೆದುರು ಅವರ ಗೈರುಹಾಜರಿಯ ಮಾತೆತ್ತಬೇಡಿ. ಪಾಠ ಶುರುವಾಗುವುದಕ್ಕೆ ಹತ್ತು ನಿಮಿಷ ಮೊದಲೇ ಬರಲು ಹೇಳಿ, ಆ ಪುಟವನ್ನು ಅವರ ಜೊತೆ ಕೂತು ಒಮ್ಮೆ ನೋಡಿ.