ಹೊಡೆದಾಡದ ನಾಯಕನನ್ನು ಧಾರಾವಾಹಿಗೆ ಬರೆಯುವ ಬಗೆ

ಧಾರಾವಾಹಿ ಬರೆಯಲು ಹೊರಟಿರುವ ರಾಯಚೂರು ಸೀಮೆಯ ಹೊಸ ಲೇಖಕರು ಅಮೆರಿಕದ ಟಿವಿ ಬರಹಗಾರ ರಾಯ್ ಹಗಿನ್ಸ್ (1914–2002) ರೂಪಿಸಿದ ಮೂವರು ನಾಯಕರನ್ನು ಮೊದಲು ಗಮನವಿಟ್ಟು ನೋಡಬೇಕು. 1957ರಲ್ಲಿ ಆರಂಭವಾದ ‘ಮ್ಯಾವರಿಕ್’ನ ನಾಯಕ ಇಸ್ಪೀಟು ಆಡಿ ಬದುಕುವವನು, ಉಳಿದ ಕೌಬಾಯ್ ನಾಯಕರು ಬಂದೂಕಿಗೆ ಕೈಹಾಕುವ ಹೊತ್ತಿಗೆ ಇವನು ಜಾಗ ಖಾಲಿ ಮಾಡುವ ದಾರಿ ಹುಡುಕುತ್ತಾನೆ. 1974ರಲ್ಲಿ ಸ್ಟೀಫನ್ ಜೆ. ಕ್ಯಾನೆಲ್ ಜೊತೆಗೂಡಿ ರೂಪಿಸಿದ ‘ದಿ ರಾಕ್‌ಫರ್ಡ್ ಫೈಲ್ಸ್’ನ ಪತ್ತೇದಾರ ಜೈಲು ಕಂಡು ಬಂದವನು, ದಿನಕ್ಕೆ 200 ಡಾಲರ್ ಮತ್ತು ಮೇಲುಖರ್ಚು ಕೇಳಿದರೂ ಎಷ್ಟೋ ಸಲ ಅದನ್ನು ಕಾಣದವನು, ಪಿಸ್ತೂಲನ್ನು ಮನೆಯ ಬಿಸ್ಕತ್ತಿನ ಡಬ್ಬಿಯಲ್ಲೇ ಬಿಟ್ಟು ಓಡಾಡುವವನು.

ಇವರಿಬ್ಬರಿಗಿಂತ ಹೆಚ್ಚು ಕಲಿಸುವವನು 1963ರ ‘ದಿ ಫ್ಯುಜಿಟಿವ್’ನ ಡಾ. ರಿಚರ್ಡ್ ಕಿಂಬಲ್. ಹೆಂಡತಿಯನ್ನು ಕೊಂದನೆಂದು ತಪ್ಪಾಗಿ ಮರಣದಂಡನೆಗೆ ಗುರಿಯಾಗಿ ತಪ್ಪಿಸಿಕೊಂಡ ಈ ವೈದ್ಯ ಗಾಯಗೊಂಡವರನ್ನು ಕಂಡರೆ ಸುಮ್ಮನೆ ಹೋಗಲಾರ, ಆರೈಕೆಗೆ ನಿಂತರೆ ಗುರುತು ಬಯಲಾಗಿ ಸಿಕ್ಕಿಬೀಳುವ ಹಾಗಾಗುತ್ತದೆ. ಅವನ ಒಳ್ಳೆಯತನವೇ ಅವನಿಗೆ ಕುತ್ತು ತರುವುದರಿಂದ ಕಥೆಯನ್ನು ಹೊರಗಿನಿಂದ ತಳ್ಳಬೇಕಾಗಿಲ್ಲ. ನಿಮ್ಮ ನಾಯಕನ ವಿಚಿತ್ರ ಸ್ವಭಾವ ಕಂತುಕಂತಿಗೂ ಅವನಿಂದ ಏನನ್ನಾದರೂ ಕಸಿದುಕೊಳ್ಳದಿದ್ದರೆ ಅದು ಬರೀ ವೇಷವಾಗುತ್ತದೆ ಎಂಬುದು ನನ್ನ ದೃಢ ಅಭಿಪ್ರಾಯ.

ಈಗ ನಮ್ಮ ನೆಲಕ್ಕೆ ಬನ್ನಿ. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಮೇಲ್ಭಾಗದವರು ಭತ್ತಕ್ಕೆ ನೀರು ಎಳೆದುಕೊಂಡರೆ ಮಾನ್ವಿ, ಸಿರವಾರ ಕಡೆಯ ಕೊನೆ ಭಾಗದ ಹೊಲಗಳು ಒಣಗುತ್ತವೆ. ಕಾಲುವೆ ಕಾಯುವ ಗ್ಯಾಂಗ್‌ಮನ್ ಒಬ್ಬನನ್ನು ನಾಯಕನನ್ನಾಗಿ ಆರಿಸಿಕೊಳ್ಳಿ. ಅವನು ಯಾರೊಂದಿಗೂ ಜಗಳಕ್ಕಿಳಿಯದ ಅಂಜುಬುರುಕನಾಗಿರಲಿ. ಆದರೆ ಕಂಡ ನೀರಿನ ಮಟ್ಟವನ್ನು ಮಾತ್ರ ಎಂದೂ ಸುಳ್ಳು ಬರೆಯದವನಾಗಿರಲಿ. ನಡುರಾತ್ರಿ ಮೇಲಿನ ಊರಿನವರು ಬಂದು ಗೇಟು ಎತ್ತಿದಾಗ ಅವನು ತಡೆಯುವುದಿಲ್ಲ, ಪಕ್ಕಕ್ಕೆ ಸರಿದು ನಿಲ್ಲುತ್ತಾನೆ. ಅವರು ಹೋದ ಮೇಲೆ ಬ್ಯಾಟರಿ ಬೆಳಕಿನಲ್ಲಿ ಅಳತೆಗೋಲು ನೋಡಿ, ಹೊತ್ತು ಸಮೇತ ಪುಸ್ತಕದಲ್ಲಿ ಬರೆದಿಡುತ್ತಾನೆ. ಆ ಪುಸ್ತಕ ಯಾರ ಕೈಗೆ ಸಿಗುತ್ತದೆ, ಅದರಿಂದ ಅವನ ಕೆಲಸಕ್ಕೆ ಏನಾಗುತ್ತದೆ ಎಂಬುದೇ ಮುಂದಿನ ಕಂತುಗಳು. ಅವನಿಗೆ ವೀರಾವೇಶದ ಭಾಷಣ ಬರೆಯಬೇಡಿ, ಹತ್ತನೆಯ ಕಂತಿನಲ್ಲಿ ಹಠಾತ್ತನೆ ಧೈರ್ಯವನ್ನೂ ತುಂಬಬೇಡಿ.

ಕೊನೆಯನ್ನು ಮೊದಲೇ ನಿರ್ಧರಿಸಿಕೊಳ್ಳಿ. ಹೆಂಡತಿಯನ್ನು ನಿಜವಾಗಿ ಕೊಂದವನೆಂದು ಕಿಂಬಲ್ ಹುಡುಕುತ್ತಿದ್ದ ಒಂಟಿಗೈಯವನ ಪ್ರಶ್ನೆಗೆ 1967ರ ಆಗಸ್ಟ್‌ನಲ್ಲಿ ಪ್ರಸಾರವಾದ ಕಡೆಯ ಕಂತು ನೇರ ಉತ್ತರ ಕೊಟ್ಟಿತು. ನಿಮ್ಮ ಕಥೆಯಲ್ಲಿ ಕೊನೆಯ ಹೊಲಕ್ಕೆ ನೀರು ತಲುಪುತ್ತದೆಯೋ ಇಲ್ಲವೋ ಎಂಬುದನ್ನು ಮೊದಲ ಕಂತು ಬರೆಯುವ ಮುನ್ನವೇ ತೀರ್ಮಾನಿಸಿ.