‘ಇಲ್ಲ’ ಬೇರೆ, ‘ತಿಳಿಯಲಿಲ್ಲ’ ಬೇರೆ: ಡೈರೆಕ್ಟರಿ ಹುಡುಕಾಟದ ದೋಷಗಳನ್ನು ನಿಭಾಯಿಸುವ ಬಗೆ

ಕೆಲವು ವರ್ಷಗಳ ಹಿಂದೆ ಮಂಡ್ಯದ ಒಂದು ಕಾರ್ಖಾನೆಗೆ ಹಾಜರಿ ವ್ಯವಸ್ಥೆಯ ಪ್ರೋಗ್ರಾಮನ್ನು ಮೈಸೂರಿನಲ್ಲಿ ಕುಳಿತು ಬರೆದುಕೊಟ್ಟಿದ್ದೆ. ಪ್ರತಿ ರಾತ್ರಿ ಎರಡು ಗಂಟೆಗೆ ಅದು ಜನರ ಹೆಸರು, ಖಾತೆಗಳ ದಾಖಲೆ ಇಡುವ ಡೈರೆಕ್ಟರಿ ಸರ್ವರಿನಿಂದ ನೌಕರರ ಪಟ್ಟಿಯನ್ನು ತರಿಸಿಕೊಂಡು, ಪಟ್ಟಿಯಲ್ಲಿ ಹೆಸರಿಲ್ಲದವರ ಗೇಟ್ ಕಾರ್ಡನ್ನು ರದ್ದು ಮಾಡುತ್ತಿತ್ತು. ಕೆಲಸ ಬಿಟ್ಟವರ ಕಾರ್ಡು ಮರುದಿನ ಗೇಟನ್ನು ತೆರೆಯಬಾರದು ಎಂಬುದು ಅದರ ಉದ್ದೇಶ. ಗುತ್ತಿಗೆ ನೌಕರರ ಹೆಸರುಗಳನ್ನೂ ಡೈರೆಕ್ಟರಿಗೆ ಸೇರಿಸಿ ಒಟ್ಟು ಸಂಖ್ಯೆ 1,400 ದಾಟಿದ ಮರುದಿನ ಬೆಳಿಗ್ಗೆ ಆರು ಗಂಟೆಯ ಪಾಳಿಗೆ ಬಂದವರಲ್ಲಿ ಹಲವರು ಗೇಟಿನ ಹೊರಗೇ ನಿಲ್ಲಬೇಕಾಯಿತು. ಫೋನ್ ಬಂದ ಕೂಡಲೇ ಲಾಗ್ ತೆರೆದು ನೋಡಿದೆ. ದೋಷವೆಂಬ ಪದವೇ ಅದರಲ್ಲಿರಲಿಲ್ಲ. ‘ಪಟ್ಟಿ ಪೂರ್ಣಗೊಂಡಿದೆ, 1000 ದಾಖಲೆಗಳು’ ಎಂಬ ಒಂದು ಸಾಲು ಮಾತ್ರ ಇತ್ತು.

ಆ 1000 ಎಂಬ ಸಂಖ್ಯೆಯಲ್ಲಿಯೇ ಉತ್ತರವಿತ್ತು. ಆ ಕಾರ್ಖಾನೆಯಲ್ಲಿದ್ದ ಮೈಕ್ರೋಸಾಫ್ಟಿನ ಡೈರೆಕ್ಟರಿ ಸರ್ವರಾದ ಆ್ಯಕ್ಟಿವ್ ಡೈರೆಕ್ಟರಿಯು ಒಂದು ಹುಡುಕಾಟಕ್ಕೆ ಸಾಮಾನ್ಯವಾಗಿ 1000 ದಾಖಲೆಗಳನ್ನಷ್ಟೇ ಕೊಟ್ಟು, ಕೊನೆಯಲ್ಲಿ ‘ಮಿತಿ ಮೀರಿದೆ’ ಎಂಬ ಅರ್ಥದ 4ನೇ ಸಂಖ್ಯೆಯ ಫಲಿತಾಂಶವನ್ನು ಕಳಿಸುತ್ತದೆ. ಜಾವಾ ಭಾಷೆಯಲ್ಲಿ ಡೈರೆಕ್ಟರಿಗಳನ್ನು ವಿಚಾರಿಸಲು ಇರುವ ಜೆಎನ್‌ಡಿಐ ಅದನ್ನು ‘ಸೈಜ್‌ಲಿಮಿಟ್‌ಎಕ್ಸೀಡೆಡ್‌ಎಕ್ಸೆಪ್ಷನ್’ ಎಂಬ ಎಕ್ಸೆಪ್ಷನ್, ಅಂದರೆ ದೋಷದ ಸೂಚನೆ, ಆಗಿ ಮಾರ್ಪಡಿಸಿ ನಮ್ಮತ್ತ ಎಸೆಯುತ್ತದೆ, ಆದರೆ ಫಲಿತಾಂಶಗಳನ್ನು ‘ಹ್ಯಾಸ್‌ಮೋರ್’ ಮೆಥಡ್ ಬಳಸಿ ಓದುತ್ತಿದ್ದರೆ ಮಾತ್ರ. ನಾನು ಬಳಸಿದ್ದು ‘ಹ್ಯಾಸ್‌ಮೋರ್‌ಎಲಿಮೆಂಟ್ಸ್’. ಹಳೆಯ ಎನ್ಯೂಮರೇಷನ್ ಇಂಟರ್‌ಫೇಸಿನಿಂದ ಬಂದ ಈ ಮೆಥಡ್, ನಿಭಾಯಿಸಲೇಬೇಕೆಂದು ಕಂಪೈಲರು ಒತ್ತಾಯಿಸುವ ಚೆಕ್ಡ್ ಎಕ್ಸೆಪ್ಷನ್ನನ್ನು ಎಸೆಯುವಂತಿಲ್ಲವಾದ್ದರಿಂದ ದೋಷವನ್ನು ತನ್ನೊಳಗೇ ನುಂಗಿಕೊಂಡು ‘ಮುಂದೆ ಏನೂ ಇಲ್ಲ’ ಎನ್ನುತ್ತದೆ. ಅರ್ಧ ಪಟ್ಟಿಯನ್ನೇ ನನ್ನ ಪ್ರೋಗ್ರಾಮು ಪೂರ್ತಿ ಪಟ್ಟಿಯೆಂದು ನಂಬಿ, ಉಳಿದ ನಾಲ್ಕು ನೂರಕ್ಕೂ ಹೆಚ್ಚು ಜನರನ್ನು ಕೆಲಸ ಬಿಟ್ಟವರೆಂದು ತೀರ್ಮಾನಿಸಿತ್ತು.

ಹೆಸರು ಹಿಡಿದು ಏನನ್ನಾದರೂ ಹುಡುಕುವ ಪ್ರೋಗ್ರಾಮು ಡೈರೆಕ್ಟರಿ ಸರ್ವರಿನೊಡನೆ ಮಾತಾಡುವ ಭಾಷೆಯಾದ ಎಲ್‌ಡ್ಯಾಪನ್ನು ಬಳಸಲಿ, ಯಂತ್ರದ ಹೆಸರಿನಿಂದ ವಿಳಾಸವನ್ನು ಕಂಡುಕೊಡುವ ಡಿಎನ್‌ಎಸ್ಸನ್ನು ಬಳಸಲಿ, ಅದು ಎಂದಿಗೂ ಕಲಸಿಬಿಡಬಾರದ ಎರಡು ಉತ್ತರಗಳೆಂದರೆ ‘ಇಲ್ಲ’ ಮತ್ತು ‘ತಿಳಿಯಲಿಲ್ಲ’. ಕುವೆಂಪುನಗರದ ಎಂ ಬ್ಲಾಕಿನಲ್ಲಿ ಒಂದು ಮನೆಯನ್ನು ಹುಡುಕಿ ಬರಲು ಒಬ್ಬರನ್ನು ಕಳಿಸಿದ್ದೇವೆ ಎಂದುಕೊಳ್ಳಿ. ಬೀದಿಯುದ್ದಕ್ಕೂ ವಿಚಾರಿಸಿದೆ, ಆ ಸಂಖ್ಯೆಯ ಮನೆಯೇ ಇಲ್ಲ ಎಂದು ಅವರು ಹೇಳಬಹುದು. ದಾರಿ ಬಂದ್ ಆಗಿದ್ದರಿಂದ ಅಲ್ಲಿಗೆ ತಲುಪಲೇ ಇಲ್ಲ ಎನ್ನಬಹುದು. ತಲುಪಿದೆ, ಕಾವಲಿನವರು ಒಳಗೆ ಬಿಡಲಿಲ್ಲ ಎಂದೂ ಹೇಳಬಹುದು. ಮೂರಕ್ಕೂ ‘ಮನೆ ಸಿಗಲಿಲ್ಲ’ ಎಂಬ ಒಂದೇ ಮಾತನ್ನು ಹೇಳುವವರನ್ನು ನಂಬಿ ಮುಂದಿನ ಕೆಲಸ ಮಾಡಲಾಗದು. ಹುಡುಕಾಟ ವಿಫಲವಾದಾಗಲೆಲ್ಲ ಖಾಲಿ ಪಟ್ಟಿಯನ್ನೋ ‘ನಲ್’ ಅನ್ನೋ ಹಿಂದಿರುಗಿಸುವ ಫಂಕ್ಷನ್ನು ಮಾಡುವುದು ಅದನ್ನೇ.

ಎಕ್ಸೆಪ್ಷನ್ನನ್ನು ಓದುವುದು

ಜೆಎನ್‌ಡಿಐನಲ್ಲಿ ಈ ದೋಷಗಳೆಲ್ಲಕ್ಕೂ ‘ನೇಮಿಂಗ್‌ಎಕ್ಸೆಪ್ಷನ್’ ಎಂಬುದು ಮೂಲ ಕ್ಲಾಸ್. ಅದೊಂದನ್ನೇ ಹಿಡಿದು ಒಂದೇ ಸಂದೇಶ ತೋರಿಸುವ ಕೋಡನ್ನು ನಾನು ಎಷ್ಟೋ ಕಡೆ ಕಂಡಿದ್ದೇನೆ, ಅದು ಸಾಲದು. ಅದರ ಉಪಕ್ಲಾಸುಗಳನ್ನು ಮೊದಲು ಹಿಡಿದು, ಮೂಲ ಕ್ಲಾಸನ್ನು ಕೊನೆಗೆ ಹಿಡಿಯಬೇಕು. ಕ್ರಮ ತಪ್ಪಿದರೆ ಕಂಪೈಲರೇ ತಡೆಯುತ್ತದೆ. ಎಲ್‌ಡ್ಯಾಪ್ ಸರ್ವರ್ ಕಳಿಸುವ ಫಲಿತಾಂಶದ ಸಂಖ್ಯೆಗಳು 2006ರ ಆರ್‌ಎಫ್‌ಸಿ 4511 ಎಂಬ ಇಂಟರ್‌ನೆಟ್ ಮಾನದಂಡದ ದಾಖಲೆಯಲ್ಲಿ ನಿಗದಿಯಾಗಿವೆ. ಇವುಗಳಲ್ಲಿ ದಿನನಿತ್ಯ ಎದುರಾಗುವ ನಾಲ್ಕೈದನ್ನು ಬಾಯಿಪಾಠ ಮಾಡಿಕೊಳ್ಳುವುದು ಒಳ್ಳೆಯದು: 32 ಬಂದರೆ ಆ ಹೆಸರಿನ ದಾಖಲೆ ಇಲ್ಲ, ಅದು ‘ನೇಮ್‌ನಾಟ್‌ಫೌಂಡ್‌ಎಕ್ಸೆಪ್ಷನ್’ ಆಗುತ್ತದೆ, 49 ಬಂದರೆ ಗುರುತು ಪರಿಶೀಲನೆ ವಿಫಲ, ಅದು ‘ಅಥೆಂಟಿಕೇಷನ್‌ಎಕ್ಸೆಪ್ಷನ್’, 50 ಬಂದರೆ ಅನುಮತಿ ಇಲ್ಲ, 51 ಮತ್ತು 52 ಬಂದರೆ ಸರ್ವರಿಗೆ ಬಿಡುವಿಲ್ಲ ಅಥವಾ ಅದು ಸೇವೆಗೆ ಸಿದ್ಧವಿಲ್ಲ. ಸರ್ವರನ್ನು ತಲುಪಲೇ ಆಗದಿದ್ದರೆ ಯಾವ ಸಂಖ್ಯೆಯೂ ಬರುವುದಿಲ್ಲ, ‘ಕಮ್ಯುನಿಕೇಷನ್‌ಎಕ್ಸೆಪ್ಷನ್’ ಬರುತ್ತದೆ.

ಈ ಕೊನೆಯದರ ಸಂದೇಶವನ್ನು ಮಾತ್ರ ಲಾಗಿಗೆ ಬರೆದು ಬಿಡಬೇಡಿ. ‘ಗೆಟ್‌ಕಾಸ್’ ಮೂಲಕ ಅದರ ಹಿಂದಿರುವ ಕಾರಣವನ್ನೂ ಬರೆಯಿರಿ. ಕಾರಣ ‘ಅನ್‌ನೋನ್‌ಹೋಸ್ಟ್‌ಎಕ್ಸೆಪ್ಷನ್’ ಆಗಿದ್ದರೆ ಸರ್ವರಿನ ಹೆಸರೇ ವಿಳಾಸವಾಗಿ ಬಿಡಿಸಿಕೊಂಡಿಲ್ಲ, ಡಿಎನ್‌ಎಸ್ಸನ್ನು ನೋಡಬೇಕು. ಸಂಪರ್ಕ ನಿರಾಕರಣೆಯಾಗಿದ್ದರೆ ಯಂತ್ರ ಇದೆ, ಎಲ್‌ಡ್ಯಾಪಿನ 389 ಅಥವಾ 636ನೇ ಪೋರ್ಟಿನಲ್ಲಿ ಕೇಳುವವರಿಲ್ಲ. ಎಸ್‌ಎಸ್‌ಎಲ್ ಹ್ಯಾಂಡ್‌ಶೇಕ್ ದೋಷವಾಗಿದ್ದರೆ ಬಹುಪಾಲು ಸರ್ಟಿಫಿಕೇಟಿನ ಅವಧಿ ಮುಗಿದಿದೆ ಅಥವಾ ಅದನ್ನು ನಂಬುವವರ ಪಟ್ಟಿಗೆ ಸೇರಿಸಿಲ್ಲ. ಮೂರಕ್ಕೂ ಪರಿಹಾರ ಬೇರೆ, ಪರಿಹರಿಸುವ ಜನರೂ ಬೇರೆ. ರಾತ್ರಿ ಹೊತ್ತಿನಲ್ಲಿ ಯಾರನ್ನು ಎಬ್ಬಿಸಬೇಕೆಂಬುದು ಈ ಒಂದು ಸಾಲಿನಿಂದ ತಿಳಿಯುತ್ತದೆ.

49ರ ವಿಷಯದಲ್ಲಿಯೂ ಸಂದೇಶದ ಒಳಗೆ ಇಳಿಯಬೇಕು. ಆ್ಯಕ್ಟಿವ್ ಡೈರೆಕ್ಟರಿಯು ‘ಡೇಟಾ’ ಎಂಬ ಪದದ ನಂತರ ಇನ್ನೊಂದು ಉಪಸಂಖ್ಯೆಯನ್ನು ಸೇರಿಸುತ್ತದೆ: 532 ಎಂದರೆ ಪಾಸ್‌ವರ್ಡಿನ ಅವಧಿ ಮುಗಿದಿದೆ, 533 ಎಂದರೆ ಖಾತೆಯನ್ನು ನಿಲ್ಲಿಸಲಾಗಿದೆ, 773 ಎಂದರೆ ಪಾಸ್‌ವರ್ಡನ್ನು ಹೊಸದಾಗಿ ಇಡಬೇಕು, 775 ಎಂದರೆ ಖಾತೆ ಲಾಕ್ ಆಗಿದೆ. ಸರಿಯಾದ ಪಾಸ್‌ವರ್ಡನ್ನೇ ಹತ್ತು ಸಲ ಹೊಡೆದು ಬೇಸತ್ತ ಗುಮಾಸ್ತರಿಗೆ ಸಹಾಯ ಮಾಡಬೇಕಾದವರು ಲಾಗಿನಲ್ಲಿ ನೋಡಬೇಕಾದದ್ದು ಈ ಸಂಖ್ಯೆಯನ್ನು.

32 ಬಂದಾಗ ‘ಇಲ್ಲ’ ಎಂದು ನಂಬಬಹುದೇ?

ಯಾವಾಗಲೂ ನಂಬಲಾಗದು. ಹೆಚ್ಚಿನ ಮಾರ್ಗದರ್ಶಿಗಳು ಈ ವಿಷಯವನ್ನು ಹಗುರವಾಗಿ ದಾಟಿ ಹೋಗುವುದರಿಂದ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಒಂದು ನಿರ್ದಿಷ್ಟ ಹೆಸರನ್ನು ನೇರವಾಗಿ ಕೇಳಿದಾಗ ಬಂದ 32ಕ್ಕೂ, ಒಂದು ಶಾಖೆಯ ಕೆಳಗೆ ಹುಡುಕಾಟ ನಡೆಸಿದಾಗ ಬಂದ 32ಕ್ಕೂ ಅರ್ಥ ಬೇರೆ. ಹುಡುಕಾಟದಲ್ಲಿ ಯಾರೂ ಸಿಗದಿದ್ದರೆ ಎಕ್ಸೆಪ್ಷನ್ ಬರುವುದೇ ಇಲ್ಲ, ಖಾಲಿ ಫಲಿತಾಂಶ ಬರುತ್ತದೆ. ಅಲ್ಲಿ 32 ಬಂದರೆ ನಾವು ಹುಡುಕಲು ಹೊರಟ ಶಾಖೆಯೇ ಇಲ್ಲವೆಂದು ಅರ್ಥ, ಅಂದರೆ ಕಾನ್ಫಿಗರೇಷನ್ನಿನಲ್ಲಿ ತಪ್ಪಿದೆ. ಎಂ ಬ್ಲಾಕಿನಲ್ಲಿ ಮನೆ ಇಲ್ಲ ಎನ್ನುವುದಕ್ಕೂ ಎಂ ಬ್ಲಾಕ್ ಎಂಬುದೇ ಸಿಗಲಿಲ್ಲ ಎನ್ನುವುದಕ್ಕೂ ಇರುವ ವ್ಯತ್ಯಾಸ ಇದು. 32ರ ಜೊತೆ ಸರ್ವರು ‘ಮ್ಯಾಚ್ಡ್ ಡಿಎನ್’ ಎಂಬ ಭಾಗದಲ್ಲಿ ಹೆಸರಿನ ಎಲ್ಲಿಯವರೆಗಿನ ಭಾಗ ಸಿಕ್ಕಿತು ಎಂಬುದನ್ನು ತಿಳಿಸಬಲ್ಲದು. ಅದನ್ನು ಓದಿದರೆ ದಾರಿ ತಪ್ಪಿದ ಜಾಗ ಗೊತ್ತಾಗುತ್ತದೆ.

ಇನ್ನೊಂದು ಅಪಾಯ ಅನುಮತಿಯದು. ನೋಡಲು ಹಕ್ಕಿಲ್ಲದ ದಾಖಲೆಯ ಬಗ್ಗೆ ಕೇಳಿದಾಗ, ಅದು ಇರುವುದನ್ನೂ ತಿಳಿಸಬಾರದೆಂಬ ಕಾರಣಕ್ಕೆ ಕೆಲವು ಸರ್ವರುಗಳು 50ರ ಬದಲು 32ನ್ನೋ ಖಾಲಿ ಫಲಿತಾಂಶವನ್ನೋ ಕೊಡುತ್ತವೆ. ನಿಮ್ಮ ಪ್ರೋಗ್ರಾಮಿನ ಸೇವಾ ಖಾತೆಯ ಅನುಮತಿಯನ್ನು ಯಾರಾದರೂ ಬದಲಾಯಿಸಿದ ದಿನ, ಇಡೀ ಸಂಸ್ಥೆಯೇ ಖಾಲಿಯಾದಂತೆ ಅದಕ್ಕೆ ಕಾಣುತ್ತದೆ. ಆದ್ದರಿಂದ ಅಳಿಸುವ ಅಥವಾ ರದ್ದು ಮಾಡುವ ಯಾವುದೇ ಕೆಲಸಕ್ಕೆ ಮೊದಲು, ಖಂಡಿತವಾಗಿ ಇರಲೇಬೇಕಾದ ಒಂದು ದಾಖಲೆಯನ್ನು ಅದೇ ಸೇವಾ ಖಾತೆಯಿಂದ ಓದಿ ನೋಡಿ. ಅದು ಸಿಗದಿದ್ದರೆ ಕೆಲಸವನ್ನು ಅಲ್ಲಿಗೇ ನಿಲ್ಲಿಸಿ. ನಿನ್ನೆಯ ಪಟ್ಟಿಗಿಂತ ಇಂದಿನದು ನೂರಕ್ಕೆ ಐದಕ್ಕಿಂತ ಹೆಚ್ಚು ಕುಗ್ಗಿದ್ದರೆ, ಒಬ್ಬ ಮನುಷ್ಯ ನೋಡಿ ಒಪ್ಪಿಗೆ ಕೊಡುವವರೆಗೆ ಏನನ್ನೂ ರದ್ದು ಮಾಡದಂತೆ ಬರೆಯಿರಿ. ಐದು ಎಂಬುದು ನನ್ನ ಅಂದಾಜು, ನಿಮ್ಮ ಸಂಸ್ಥೆಯ ರೀತಿಗೆ ತಕ್ಕ ಸಂಖ್ಯೆಯನ್ನು ಇಟ್ಟುಕೊಳ್ಳಿ. ದೊಡ್ಡ ಪಟ್ಟಿಯನ್ನು ಪುಟಪುಟವಾಗಿ ತರಿಸಿಕೊಳ್ಳುವ ವಿಧಾನ 1999ರ ಆರ್‌ಎಫ್‌ಸಿ 2696ರಲ್ಲಿದೆ. ಮಂಡ್ಯದ ಆ ಪ್ರೋಗ್ರಾಮಿಗೆ ನಾನು ಮೊದಲು ಸೇರಿಸಿದ್ದು ಅದನ್ನೇ, ಜೊತೆಗೆ ಈ ಎರಡು ತಡೆಗಳನ್ನು.

ಕಾಯುವುದು ಎಷ್ಟು, ಮತ್ತೆ ಕೇಳುವುದು ಯಾವಾಗ

ಜಾವಾದ ಎಲ್‌ಡ್ಯಾಪ್ ಪ್ರೊವೈಡರಿಗೆ ಓದುವ ಸಮಯದ ಮಿತಿಯನ್ನು ನೀವಾಗಿ ಹೇಳದಿದ್ದರೆ, ಸಂಪರ್ಕ ಒಪ್ಪಿಕೊಂಡು ಉತ್ತರ ಕೊಡದೆ ಕುಳಿತ ಸರ್ವರಿಗಾಗಿ ಅದು ಕಾಯುತ್ತಲೇ ಇರುತ್ತದೆ. ಅದಕ್ಕೆ ‘ಕನೆಕ್ಟ್ ಟೈಮ್‌ಔಟ್’ ಮತ್ತು ‘ರೀಡ್ ಟೈಮ್‌ಔಟ್’ ಎಂಬ ಎರಡು ಗುಣಗಳಿವೆ. ಎರಡನ್ನೂ ಮಿಲಿಸೆಕೆಂಡಿನ ಲೆಕ್ಕದಲ್ಲಿ, ಸಂಖ್ಯೆಯಾಗಿ ಅಲ್ಲದೆ ಸ್ಟ್ರಿಂಗ್ ಆಗಿ ಕೊಡಬೇಕು. ಲಾಗಿನ್ ಪುಟಕ್ಕೆ ಸಂಪರ್ಕಕ್ಕೆ 3000, ಓದಲು 5000 ಎಂದು ನಾನು ಶುರು ಮಾಡುತ್ತೇನೆ.

ಮತ್ತೆ ಪ್ರಯತ್ನಿಸುವುದು ‘ತಿಳಿಯಲಿಲ್ಲ’ ಎಂಬ ಉತ್ತರಕ್ಕೆ ಮಾತ್ರ ಹೊಂದುತ್ತದೆ. ಸಂಪರ್ಕ ಸಿಗದಿದ್ದರೆ, ಸರ್ವರಿಗೆ ಬಿಡುವಿಲ್ಲದಿದ್ದರೆ, ಪ್ರತಿ ಸಲ ಅಂತರವನ್ನು ಇಮ್ಮಡಿಗೊಳಿಸುತ್ತ, ಅದರಲ್ಲಿ ಸ್ವಲ್ಪ ಏರುಪೇರನ್ನೂ ಬೆರೆಸಿ ಎರಡು ಮೂರು ಸಲ ಕೇಳಬಹುದು. ಏರುಪೇರು ಬೆರೆಸದಿದ್ದರೆ, ಆಗತಾನೇ ಎದ್ದ ಸರ್ವರಿನ ಮೇಲೆ ಎಲ್ಲ ಯಂತ್ರಗಳೂ ಒಂದೇ ಕ್ಷಣದಲ್ಲಿ ಮುಗಿಬೀಳುತ್ತವೆ. 49ಕ್ಕೆ ಮಾತ್ರ ಎಂದಿಗೂ ಮರುಪ್ರಯತ್ನ ಬೇಡ. ಐದು ತಪ್ಪಿಗೆ ಖಾತೆ ಲಾಕ್ ಆಗುವ ನಿಯಮವಿರುವಲ್ಲಿ, ಪ್ರತಿ ತಪ್ಪನ್ನೂ ಮೂರು ಸಲ ಕಳಿಸುವ ಪ್ರೋಗ್ರಾಮಿನಲ್ಲಿ ಬಳಕೆದಾರರು ಎರಡೇ ಸಲ ತಪ್ಪಿದರೂ ಆರು ತಪ್ಪುಗಳಾಗಿ ಖಾತೆ ಮುಚ್ಚಿಹೋಗುತ್ತದೆ.

ಪರದೆಯ ಮೇಲಿನ ಮಾತಿನಲ್ಲಿಯೂ ಈ ಭೇದ ಉಳಿಯಬೇಕು. ಹೆಸರು ಇಲ್ಲದಿದ್ದರೂ ಪಾಸ್‌ವರ್ಡ್ ತಪ್ಪಿದ್ದರೂ ‘ಬಳಕೆದಾರರ ಹೆಸರು ಅಥವಾ ಪಾಸ್‌ವರ್ಡ್ ಸರಿಯಿಲ್ಲ’ ಎಂಬ ಒಂದೇ ವಾಕ್ಯವನ್ನು ತೋರಿಸುವುದು ಸರಿ. ಇಲ್ಲವಾದರೆ ಯಾವ ಹೆಸರುಗಳು ನಿಜವಾದವು ಎಂಬುದನ್ನು ಹೊರಗಿನವರು ಪರೀಕ್ಷಿಸಿ ತಿಳಿದುಕೊಳ್ಳುತ್ತಾರೆ. ಆದರೆ ಸರ್ವರೇ ಸಿಗದಿದ್ದಾಗ ಆ ವಾಕ್ಯವನ್ನು ತೋರಿಸುವುದು ಸುಳ್ಳು ಹೇಳಿದಂತೆ. ‘ಈಗ ಪರಿಶೀಲಿಸಲು ಆಗುತ್ತಿಲ್ಲ. ನಿಮ್ಮ ಪಾಸ್‌ವರ್ಡನ್ನು ಬದಲಾಯಿಸಬೇಕಾಗಿಲ್ಲ, ಸ್ವಲ್ಪ ಹೊತ್ತು ಬಿಟ್ಟು ಪ್ರಯತ್ನಿಸಿ’ ಎಂದು ನೇರವಾಗಿ ಹೇಳಿ.

ಖಾಲಿ ಪಾಸ್‌ವರ್ಡಿನ ವಿಷಯ ಇದಕ್ಕಿಂತ ಗಂಭೀರವಾದದ್ದು. ಹೆಸರು ಕೊಟ್ಟು ಪಾಸ್‌ವರ್ಡನ್ನು ಖಾಲಿ ಬಿಟ್ಟ ಬೈಂಡ್ ಕೋರಿಕೆಯನ್ನು, ಅಂದರೆ ಲಾಗಿನ್ ಕೋರಿಕೆಯನ್ನು, ಎಲ್‌ಡ್ಯಾಪ್ ಅನಾಮಧೇಯ ಪ್ರವೇಶವೆಂದು ಪರಿಗಣಿಸುತ್ತದೆ, ಅದಕ್ಕೆ ಅವಕಾಶ ಕೊಟ್ಟಿರುವ ಸರ್ವರು ‘ಯಶಸ್ವಿ’ ಎಂದೇ ಉತ್ತರಿಸುತ್ತದೆ. ಆರ್‌ಎಫ್‌ಸಿ 4513 ಇದರ ಬಗ್ಗೆ ಸ್ಪಷ್ಟವಾಗಿ ಎಚ್ಚರಿಸಿದೆ. ಎಕ್ಸೆಪ್ಷನ್ ಬರಲಿಲ್ಲ ಎಂಬುದನ್ನೇ ಗುರುತು ಸಾಬೀತಾಯಿತೆಂದು ತಿಳಿಯುವ ಕೋಡು ಯಾರನ್ನಾದರೂ ಒಳಗೆ ಬಿಟ್ಟೀತು. ಖಾಲಿ ಪಾಸ್‌ವರ್ಡನ್ನು ಸರ್ವರಿಗೆ ಕಳಿಸುವ ಮೊದಲೇ ತಿರಸ್ಕರಿಸಿ.

ಹೆಸರನ್ನು ಕಟ್ಟುವುದು

ಹುಡುಕಾಟದ ದೋಷಗಳಲ್ಲಿ ಬಹಳಷ್ಟು ಹುಟ್ಟುವುದು ಹೆಸರನ್ನು ಸ್ಟ್ರಿಂಗುಗಳನ್ನು ಅಂಟಿಸಿ ಕಟ್ಟುವುದರಿಂದ. ನಮ್ಮ ಕಡೆಯ ನೌಕರರ ದಾಖಲೆಗಳಲ್ಲಿ ತಂದೆಯ ಹೆಸರನ್ನು ಸೇರಿಸುವಾಗ ‘ಬಿನ್’ ಎಂಬುದರ ಬದಲು ‘ಎಸ್/ಒ’ ಎಂದು ಬರೆಯುವ ರೂಢಿ ಇದೆ. ಜೆಎನ್‌ಡಿಐಗೆ ಹೆಸರನ್ನು ಬರಿಯ ಸ್ಟ್ರಿಂಗಾಗಿ ಕೊಟ್ಟರೆ ಆ ಓರೆಗೆರೆಯನ್ನು ಅದು ಎರಡು ಹೆಸರುಗಳ ನಡುವಿನ ಗಡಿಯೆಂದು ಓದಿಕೊಳ್ಳುತ್ತದೆ, ಇರುವ ಮನುಷ್ಯನೇ ‘ಇಲ್ಲ’ವಾಗುತ್ತಾನೆ. ‘ಎಲ್‌ಡ್ಯಾಪ್‌ನೇಮ್’ ಕ್ಲಾಸಿನ ಆಬ್ಜೆಕ್ಟನ್ನು ಕೊಟ್ಟರೆ ಈ ತೊಂದರೆ ಬರುವುದಿಲ್ಲ. ಹುಡುಕಾಟದ ಷರತ್ತನ್ನು ಹೇಳುವ ಫಿಲ್ಟರಿನಲ್ಲಿ ಬಳಕೆದಾರರು ಬರೆದ ಅಕ್ಷರಗಳನ್ನು ನೇರವಾಗಿ ಅಂಟಿಸದೆ, ಸ್ಥಾನಸೂಚಕಗಳಿರುವ ‘ಸರ್ಚ್’ ಮೆಥಡಿಗೆ ಪ್ರತ್ಯೇಕವಾಗಿ ಕೊಡಿ. ಆವರಣ, ನಕ್ಷತ್ರ ಚಿಹ್ನೆಗಳನ್ನು ಅದು ತಾನೇ ಸರಿಪಡಿಸುತ್ತದೆ.

ಹೊರಗಿನಿಂದ ಬಂದ ಹೆಸರನ್ನು ‘ಲುಕಪ್’ ಮೆಥಡಿಗೆ ಎಂದಿಗೂ ಕೊಡಬಾರದು. 2021ರ ಡಿಸೆಂಬರಿನಲ್ಲಿ ಬೆಳಕಿಗೆ ಬಂದ ಲಾಗ್4ಶೆಲ್ ದೋಷದಲ್ಲಿ ಆದದ್ದು ಇದೇ: ಲಾಗಿಗೆ ಬರೆದ ಪಠ್ಯದೊಳಗಿನ ಜೆಎನ್‌ಡಿಐ ವಿಳಾಸವನ್ನು ಲಾಗ್4ಜೆ ಲೈಬ್ರರಿ ತಾನಾಗಿಯೇ ಹುಡುಕಲು ಹೋಗುತ್ತಿತ್ತು. ದೋಷವನ್ನು ಲಾಗಿಗೆ ಬರೆಯುವ ಸಾಲಿನಲ್ಲಿಯೂ ಬಳಕೆದಾರರು ಕೊಟ್ಟ ಹೆಸರು ಇರುತ್ತದೆ ಎಂಬುದನ್ನು ನೆನಪಿಡಿ.

ಡಿಎನ್‌ಎಸ್

ಇಲ್ಲಿಯೂ ಅದೇ ಭೇದ. ಎನ್‌ಎಕ್ಸ್‌ಡೊಮೈನ್, ಅಂದರೆ 3ನೇ ಸಂಖ್ಯೆ ಬಂದರೆ ಆ ಹೆಸರಿಲ್ಲ. ಸರ್ವ್‌ಫೇಲ್, ಅಂದರೆ 2 ಬಂದರೆ ಸರ್ವರು ಉತ್ತರ ಕಂಡುಕೊಳ್ಳಲಾರದೆ ಹೋಯಿತು. ಹೆಸರಿದ್ದೂ ನಾವು ಕೇಳಿದ ಬಗೆಯ ದಾಖಲೆ ಇಲ್ಲದಿರಬಹುದು. ಐಪಿವಿ4 ವಿಳಾಸವಿದ್ದು ಐಪಿವಿ6 ಇಲ್ಲದಿರುವುದು ಇದಕ್ಕೆ ಸಾಮಾನ್ಯ ಉದಾಹರಣೆ. ಜಾವಾದ ‘ಅನ್‌ನೋನ್‌ಹೋಸ್ಟ್‌ಎಕ್ಸೆಪ್ಷನ್’ ಇವೆಲ್ಲವನ್ನೂ ಒಂದೇ ಮಾಡಿಬಿಡುವುದರಿಂದ ಅದನ್ನು ‘ತಿಳಿಯಲಿಲ್ಲ’ ಎಂದೇ ಎಣಿಸುವುದು ಕ್ಷೇಮ. ವಿಫಲವಾದ ಉತ್ತರವನ್ನು ಜಾವಾ ಸಾಮಾನ್ಯವಾಗಿ 10 ಸೆಕೆಂಡು ನೆನಪಿಟ್ಟುಕೊಳ್ಳುತ್ತದೆ, ಆದ್ದರಿಂದ ಎರಡು ಸೆಕೆಂಡಿಗೊಮ್ಮೆ ಮರುಪ್ರಯತ್ನಿಸಿದರೆ ಹಳೆಯ ಉತ್ತರವೇ ಮತ್ತೆ ಮತ್ತೆ ಕೈಗೆ ಬರುತ್ತದೆ.

ಪರೀಕ್ಷಿಸುವಾಗ

ಡೈರೆಕ್ಟರಿ ಸರಿಯಾಗಿ ಉತ್ತರಿಸುವುದನ್ನು ಮಾತ್ರ ಪರೀಕ್ಷಿಸಿ ಮುಗಿಸಬೇಡಿ. ಫೈರ್‌ವಾಲಿನಲ್ಲಿ 389ನ್ನು ಒಮ್ಮೆ ನಿರಾಕರಿಸುವಂತೆ, ಇನ್ನೊಮ್ಮೆ ಸದ್ದಿಲ್ಲದೆ ಕೈಬಿಡುವಂತೆ ಇಟ್ಟು ನೋಡಿ. ಮೊದಲನೆಯದರಲ್ಲಿ ದೋಷ ತಕ್ಷಣ ಬರುತ್ತದೆ, ಎರಡನೆಯದರಲ್ಲಿ ನೀವು ಇಟ್ಟ ಸಮಯದ ಮಿತಿ ನಿಜವಾಗಿ ಕೆಲಸ ಮಾಡುತ್ತದೆಯೇ ಎಂಬುದು ಗೊತ್ತಾಗುತ್ತದೆ. ಸೇವಾ ಖಾತೆಯ ಓದುವ ಹಕ್ಕನ್ನು ತೆಗೆದು ರಾತ್ರಿಯ ಕೆಲಸವನ್ನು ಓಡಿಸಿ. ಪರೀಕ್ಷೆಯ ಸರ್ವರಿನಲ್ಲಿ ದಾಖಲೆಗಳ ಮಿತಿಯನ್ನು 10ಕ್ಕೆ ಇಳಿಸಿ, 14 ಹೆಸರುಗಳನ್ನು ತುಂಬಿ, ಆ ನಾಲ್ಕು ಜನರಿಗೆ ಏನಾಗುತ್ತದೆ ಎಂದು ನೋಡಿ. ಈಗ ನನ್ನ ಪ್ರೋಗ್ರಾಮಿನಲ್ಲಿ ಈ ಪರೀಕ್ಷೆ ಪ್ರತಿ ಬಿಲ್ಡಿನಲ್ಲಿಯೂ ಓಡುತ್ತದೆ.